ಗಾಳಿಯಕ್ಕನ ಲೆಕ್ಕ

ಮುಳುಗುಗಾರರ ಬೆನ್ನಿನ ಸಿಲಿಂಡರಿಗೆ ಗಾಳಿ ತುಂಬುವುದು ಅವಳ ಕಸುಬು. ಹಾಗಾಗಿ ಅಣೆಕಟ್ಟಿನವರಿಗೆಲ್ಲ ಅವಳು ಗಾಳಿಯಕ್ಕ. ಮದುವೆಗೆ ಮುಂಚೆ ಶಾಲೆಯಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟವಳು, ಸೇರಿದ್ದು ಮುಳುಗುಗಾರರ ಮನೆ. ನೀರಿಗಿಳಿದು ಇಳಿದು ಗಂಡನ ಒಂದು ಕಿವಿ ಹೋಯಿತು. ಅವನು ದಡದಲ್ಲಿ, ಮುಳುಗುವವರ ಸೊಂಟಕ್ಕೆ ಕಟ್ಟುವ ಹಗ್ಗ ಹಿಡಿದು ಕೂತ, ಅವನ ಜಾಗಕ್ಕೆ ಮೈದುನ ಬಂದ. ಗಾಳಿ ತುಂಬುವ ಯಂತ್ರ ಅವಳ ಪಾಲಿಗೆ ಉಳಿಯಿತು.

"ನಿಮ್ಮ ಅಡುಗೆಗಿಂತ ನಿಮ್ಮ ಗಾಳೀನೇ ರುಚಿ ಅತ್ತಿಗೆ" ಎಂದು ಮೈದುನ ಕಾಲೆಳೆಯುತ್ತಿದ್ದ.

"ಹಾಗಾದ್ರೆ ರಾತ್ರಿಗೂ ಅದನ್ನೇ ಬಡಿಸ್ತೀನಿ" ಎನ್ನುತ್ತಿದ್ದಳು.

ಆ ವರ್ಷ ಹೊಸ ಸಿಲಿಂಡರುಗಳು ಬಂದವು. ಹಳೆಯವಕ್ಕಿಂತ ಒಂದೂವರೆ ಪಟ್ಟು ಒತ್ತಡ ತಡೆಯುವಂಥವು. ಒತ್ತಡ ಒಂದೂವರೆ ಪಟ್ಟಾದರೆ ಗಾಳಿಯೂ ಅಷ್ಟೇ ಪಟ್ಟು, ತಳದಲ್ಲಿರುವ ಹೊತ್ತೂ ಅಷ್ಟೇ ಪಟ್ಟು. ಶಾಲೆಯಲ್ಲಿ ತಾನೇ ಕಲಿಸಿದ್ದ ಸೂತ್ರವದು. ಕೆಸರುನೀರಿನಲ್ಲಿ ಮೈದುನನಿಗೆ ತನ್ನ ಗಾಳಿಯ ಮಾಪಕವೂ ಕಾಣದು. ದಡದಲ್ಲಿರುವವರು ಗಡಿಯಾರ ನೋಡಿ ಹಗ್ಗ ಎಳೆದಾಗಲೇ ಅವನು ಬರಬೇಕು.

ಅಂದು ಅಣೆಕಟ್ಟಿನ ತಳದಲ್ಲಿ ನೀರು ಹೊರಹೋಗುವ ಜಾಲರಿಗೆ ಮರದ ದಿಮ್ಮಿಗಳು ಸಿಕ್ಕಿಕೊಂಡಿದ್ದವು. ಮೈದುನ ಅವನ್ನು ಬಿಡಿಸಬೇಕಿತ್ತು. ಮೇಲ್ವಿಚಾರಕ ತುದಿಗಾಲಲ್ಲಿ ನಿಂತಿದ್ದ.

"ಬೇಗ ಆಗ್ಲಮ್ಮ, ಮೇಲಿಂದ ಫೋನ್ ಮೇಲೆ ಫೋನು."

ಬೇಗ ತುಂಬಲೆಂದು ಅವಳು ಕವಾಟವನ್ನು ಇನ್ನಷ್ಟು ತೆರೆದಳು. ಸಿಲಿಂಡರು ಕಾದ ಹೆಂಚಿನಂತಾಯಿತು. ಮಾಪಕದ ಮುಳ್ಳು ತುಂಬಿದ ಗುರುತು ಮುಟ್ಟಿದ್ದೇ ತಡ, ಮೈದುನ ಅದನ್ನು ಬೆನ್ನಿಗೇರಿಸಿ ತಣ್ಣೀರಿಗೆ ಇಳಿದ.

ಜೊತೆಗೇ ತುಂಬಿದ ಇನ್ನೊಂದು ಸಿಲಿಂಡರು ನೆರಳಿನಲ್ಲಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವಳು ಅದರ ಮೇಲೆ ಕೈಯಿಟ್ಟಳು. ತಣ್ಣಗಾಗಿತ್ತು. ಮುಳ್ಳು ನೋಡಿದರೆ ಕೆಳಗೆ ಸರಿದಿತ್ತು. ಎಲ್ಲೂ ಸೋರಿಕೆಯಿಲ್ಲ. ಬಿಸಿಯಲ್ಲಿ ಏರಿದ ಒತ್ತಡ ತಂಪಿನಲ್ಲಿ ಇಳಿದಿತ್ತು, ಅಷ್ಟೇ. ಮೈದುನನ ಬೆನ್ನಿನ ಮೇಲೂ ಈಗ ಅದೇ ಆಗಿರುತ್ತದೆ.

ಮರೆತಿದ್ದ ಇನ್ನೊಂದು ಮಾತೂ ಅದರ ಬೆನ್ನಿಗೇ ನೆನಪಾಯಿತು. ಸೂತ್ರದ ಗಾಳಿಯ ಕಣಗಳಿಗೆ ಮೈಯೇ ಇಲ್ಲ, ಎಷ್ಟು ಒತ್ತಿದರೂ ಜಾಗ ಬಿಡುತ್ತವೆ. ನಿಜವಾದ ಗಾಳಿಯದು ಹಾಗಲ್ಲ. ತುಂಬಿದ ಬಸ್ಸಿನ ಜನರಂತೆ, ಒಂದು ಹಂತದ ಮೇಲೆ ಕಣಕ್ಕೆ ಕಣವೇ ಅಡ್ಡ. ಹಳೆಯ ಸಿಲಿಂಡರುಗಳಲ್ಲಿ ಆ ವ್ಯತ್ಯಾಸ ಲೆಕ್ಕಕ್ಕೇ ಬರುತ್ತಿರಲಿಲ್ಲ, ಈ ಒತ್ತಡದಲ್ಲಿ ಬರುತ್ತದೆ. ಎರಡೂ ಸೇರಿದರೆ ಹತ್ತಿರ ಹತ್ತಿರ ಕಾಲು ಭಾಗ ಗಾಳಿ ಇಲ್ಲವೇ ಇಲ್ಲ.

"ಎಳೀರಿ, ಅವನನ್ನ ಮೇಲೆ ಕರೀರಿ" ಎಂದು ಗಂಡನ ಒಳ್ಳೆಯ ಕಿವಿಯ ಹತ್ತಿರ ಹೇಳಿದಳು.

"ಇನ್ನೂ ಹೊತ್ತಿದೆಯಲ್ಲ. ನೀನೇ ಲೆಕ್ಕ ಹಾಕಿದ್ದು."

"ಆ ಲೆಕ್ಕ ತಪ್ಪು. ಎಳೀರಿ."

ಅವಳ ಮುಖ ನೋಡಿ ಅವನು ಎಳೆದ. ಕೆಳಗಿನಿಂದ ಮರುಜಗ್ಗು ಬರಲಿಲ್ಲ. ಇನ್ನೊಮ್ಮೆ ಎಳೆದ. ಹಗ್ಗ ಕಲ್ಲಿಗೆ ಕಟ್ಟಿದಂತೆ ಬಿಗಿಯಾಗಿತ್ತು.

"ದಿಮ್ಮಿಗೆ ಸುತ್ತಿಕೊಂಡಿದೆ. ನಾನೇ ಇಳೀತೀನಿ" ಎಂದು ಅಂಗಿ ಬಿಚ್ಚತೊಡಗಿದ.

"ಆ ಕಿವೀಲಿ ಇಳಿದ್ರೆ ಅರ್ಧ ದಾರೀಲೇ ತಲೆ ತಿರುಗತ್ತೆ. ಇಬ್ಬರನ್ನೂ ಕಳ್ಕೊಳ್ಳಲಾ?"

ಮೈದುನ ಹಿಡಿದು ಇಳಿಯುವ ಇನ್ನೊಂದು ದಪ್ಪ ಹಗ್ಗ ಭಾರಕಲ್ಲಿನೊಂದಿಗೆ ನೇರ ತಳಕ್ಕೆ ಇಳಿಬಿದ್ದಿತ್ತು. ಅವಳು ನೆರಳಿನ ಸಿಲಿಂಡರಿಗೆ ಉಸಿರಾಟದ ಕೊಳವೆ ಸಿಕ್ಕಿಸಿ, ಕವಾಟ ತೆರೆದು, ಕಬ್ಬಿಣದ ಬಳೆಯಿಂದ ಆ ಹಗ್ಗಕ್ಕೆ ಕೊಕ್ಕೆ ಹಾಕಿ ಜಾರಿಬಿಟ್ಟಳು. ಅದು ಸರ್ರನೆ ಇಳಿದು ಕಂದು ನೀರಿನಲ್ಲಿ ಮರೆಯಾಯಿತು.

ಗುಳ್ಳೆಗಳು ಏಳುತ್ತಿದ್ದವು. ಆಮೇಲೆ ವಿರಳವಾದವು. ನಿಂತೇಹೋದವು. ಗಂಡ ಬಿಗಿದ ಹಗ್ಗವನ್ನು ಮತ್ತೆ ಮತ್ತೆ ಜಗ್ಗಿ ನೋಡಿದ.

ಒಂದು ಗುಳ್ಳೆ ಬಂತು. ಮತ್ತೆ ಒಂದು ಗೊಂಚಲು.

ಮೈದುನ ಮೇಲೆ ಬಂದಾಗ ಅವನ ಬಾಯಲ್ಲಿದ್ದದ್ದು ಎರಡನೆಯ ಕೊಳವೆ. ಸೊಂಟದ ಹಗ್ಗವನ್ನು ಕುಯ್ದುಕೊಂಡು ಬಂದಿದ್ದ. ಮೆಟ್ಟಿಲ ಮೇಲೆ ಬಿದ್ದುಕೊಂಡು ಬಹಳ ಹೊತ್ತು ಬರೀ ಉಸಿರಾಡಿದ.

"ಒಂದೇ ಸಲಕ್ಕೆ ಖಾಲಿ ಆಯ್ತು ಅತ್ತಿಗೆ. ಇಳಿಯೋ ಹಗ್ಗ ತಡಕಾಡ್ತಿದ್ದೆ, ಕೈಗೆ ಇದು ಸಿಕ್ತು."

"ತಪ್ಪು ನಂದು" ಎಂದಳು. ಅವನ ಬೆನ್ನಿನ ಖಾಲಿ ಸಿಲಿಂಡರನ್ನು ಬಿಚ್ಚಿ ಪಕ್ಕಕ್ಕಿಟ್ಟಳು.

ಮರುದಿನದಿಂದ ಸಿಲಿಂಡರುಗಳನ್ನು ನೀರಿನ ತೊಟ್ಟಿಯಲ್ಲಿಟ್ಟು ನಿಧಾನವಾಗಿ ತುಂಬಿದಳು. ಬರೀ ಮುಳ್ಳನ್ನು ನಂಬದೆ, ತುಂಬುವ ಮೊದಲೂ ಆಮೇಲೂ ತಕ್ಕಡಿಯಲ್ಲಿ ತೂಗಿದಳು. ಮೇಲ್ವಿಚಾರಕ ಅವಸರ ಮಾಡಿದರೆ ಕುರ್ಚಿ ತಂದು ಕೊಡುತ್ತಿದ್ದಳು.

ಮೈದುನ ಅಂದಿನ ಮಾತನ್ನು ಮತ್ತೆ ಎತ್ತಲಿಲ್ಲ. ಆದರೆ ಸಿಲಿಂಡರು ಹೊರುವ ಮುಂಚೆ ಬಿಸಿಯಿದೆಯೇ ಎಂದು ಅದನ್ನೊಮ್ಮೆ ಅಂಗೈಯಿಂದ ಮುಟ್ಟಿ ನೋಡುತ್ತಿದ್ದ. ಆಗೆಲ್ಲ ಅವಳು ಬೇರೆ ಕಡೆ ತಿರುಗುತ್ತಿದ್ದಳು. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದಿನ ಅವನು ಅಣ್ಣನ ಜೊತೆ ಏನೋ ಹರಟುತ್ತ, ಮುಟ್ಟಿ ನೋಡುವುದನ್ನು ಮರೆತು ಹಾಗೇ ಬೆನ್ನಿಗೇರಿಸಿಕೊಂಡು ಇಳಿದ. ಗಾಳಿಯಕ್ಕ ತೊಟ್ಟಿಯ ಅಂಚಿನಲ್ಲಿ ಕೂತು, ಅವನು ಇಳಿದ ಕಡೆ ಏಳುವ ಗುಳ್ಳೆಗಳನ್ನೇ ನೋಡುತ್ತಿದ್ದಳು.