ಕ್ಯಾಮೆರಾದಲ್ಲಿ ನಗುತ್ತಿದ್ದವಳು

ಚಿನ್ನದಂಗಡಿಯಲ್ಲಿ ಬಳೆಗಳ ಕೌಂಟರು ನೋಡಿಕೊಳ್ಳುತ್ತಿದ್ದವಳನ್ನು ಎಲ್ಲರೂ ಬಳೆ ಅಕ್ಕ ಎನ್ನುತ್ತಿದ್ದರು. ಮದುವೆಗೆ ಮುಂಚೆ ತನ್ನ ಅಕ್ಕನ ಜೊತೆ ನೋಡಿದ ಒಂದು ಸಿನಿಮಾ ಅವಳಿಗೆ ಬಾಯಿಪಾಠ. ಅದರಲ್ಲಿ ಇಸ್ತ್ರಿ ಕೆಡದ ಕೋಟು ತೊಟ್ಟ ಮೂವರು ಕಳ್ಳರು. ದೋಚುವಾಗಲೂ ಕುಣಿಸುವಂಥ ಸಂಗೀತ, ಮಾತುಮಾತಿಗೆ ತಮಾಷೆ. ಪಿಸ್ತೂಲು ಕಂಡದ್ದೇ ಅಂಗಡಿಯ ಹುಡುಗಿಯೊಬ್ಬಳು ಒಡವೆ ತಟ್ಟೆ ಸಮೇತ ದೊಪ್ಪನೆ ಬೀಳುತ್ತಾಳೆ. ಆ ದೃಶ್ಯಕ್ಕೆ ಅಕ್ಕತಂಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಚಿಕ್ಕವಳಿದ್ದ ಮಗಳು ಊಟ ಬೇಡವೆಂದು ಹಟ ಹಿಡಿದಾಗಲೆಲ್ಲ ಆ ಬೀಳುವುದನ್ನೇ ಬಳೆ ಅಕ್ಕ ಅಭಿನಯಿಸಿ ತೋರಿಸಿ ತುತ್ತು ಇಳಿಸುತ್ತಿದ್ದಳು.

ಮಗಳು ಹೈಸ್ಕೂಲಿನಲ್ಲಿದ್ದಾಗ ಬಳೆ ಅಕ್ಕನ ಅಂಗಡಿಗೇ ಕಳ್ಳರು ನುಗ್ಗಿದರು. ಮನೆಗೆ ಬಂದು ಅವಳು ಹೇಳಿದ್ದು ಇಷ್ಟೇ: "ಬಂದ್ರು, ಬಾಚ್ಕೊಂಡ್ರು, ಹೋದ್ರು. ನನಗೇನೂ ಆಗ್ಲಿಲ್ಲ." ಗಂಡ, ಮಗಳು ಇಬ್ಬರೂ ನಂಬಿದರು.

ಮಗಳು ಕಾಲೇಜು ಸೇರಿದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಟೀವಿಯಲ್ಲಿ ಅದೇ ಸಿನಿಮಾ ಹಾಕಿದಳು. "ಅಮ್ಮಾ, ನಿನ್ನ ಸಿನಿಮಾ! ಬೇಗ ಬಾ."

ಬಳೆ ಅಕ್ಕ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ಕುಳಿತಳು. ಮೊದಮೊದಲು ನಗುವೂ ಬಂತು. ಕಳ್ಳರು ಅಂಗಡಿಯ ಗಾಜಿನ ಬಾಗಿಲು ತಳ್ಳಿದ್ದೇ ತಡ, ಅವಳ ನಗು ನಿಂತಿತು. ಬೀಳುವ ಹುಡುಗಿಯ ಕೈಬೆರಳುಗಳು ತಟ್ಟೆಯ ಅಂಚಿನಲ್ಲಿ ನಡುಗುತ್ತಿದ್ದವು. ಅಕ್ಕನ ಜೊತೆ ನೋಡಿದಾಗ ಅದು ಕಂಡೇ ಇರಲಿಲ್ಲ. ಮಗಳು ಕಿಲಕಿಲನೆ ನಕ್ಕಳು. ಬಳೆ ಅಕ್ಕ ಎದ್ದು ಅಡುಗೆಮನೆಗೆ ಓಡಿ ಚಿಲಕ ಹಾಕಿಕೊಂಡಳು.

"ಅಮ್ಮಾ, ಏನಾಯ್ತೇ? ಬಾಗಿಲು ತೆಗಿ!"

"ಮೊದ್ಲು ಅದನ್ನ ಆರ್ಸು. ಆರ್ಸೇ!"

ಸದ್ದು ನಿಂತು ಎಷ್ಟೋ ಹೊತ್ತಾದ ಮೇಲೆ ಬಳೆ ಅಕ್ಕ ಚಿಲಕ ತೆಗೆದು ನೆಲದ ಮೇಲೆ ಕುಳಿತಳು. ಒಳಗೆ ಬಂದ ಮಗಳು ಅವಳ ಪಕ್ಕದಲ್ಲೇ ಕುಳಿತಳು. ಆಗ ಅಂಗಡಿಗೆ ಕಳ್ಳರು ನುಗ್ಗಿದ ದಿನದ ನಿಜ ಅವಳ ಬಾಯಿಂದ ಹೊರಬಿತ್ತು.

"ಎಲ್ಲರೂ ಊಟಕ್ಕೆ ಹೋಗಿದ್ರು. ನಾನೊಬ್ಳೇ ಇದ್ದೆ. ಅವರಲ್ಲೊಬ್ಬ ಪಿಸ್ತೂಲು ನನ್ನ ಹೊಟ್ಟೆಗೆ ಒತ್ತಿ, 'ಅಕ್ಕಾ, ನನ್ನ ಹೆಂಡ್ತಿ ಕೈ ಸಣ್ಣದು, ಅಳತೆ ನೋಡಿ ಕೊಡಿ' ಅಂದ. ನಾನು ನಕ್ಬಿಟ್ಟೆ ಕಣೇ. ನಗ್ದಿದ್ರೆ ಕೊಂದೇಬಿಡ್ತಾನೆ ಅನ್ನಿಸ್ತು. ಹಲ್ಲು ಕಿಸ್ಕೊಂಡೇ ಬಳೆ ತುಂಬಿಕೊಟ್ಟೆ."

ಅಷ್ಟಕ್ಕೇ ಮುಗಿಯಲಿಲ್ಲ. ಅಂಗಡಿಯ ಕ್ಯಾಮೆರಾದಲ್ಲಿ ಆ ನಗು ಸೆರೆಯಾಗಿತ್ತು. ಮಾಲೀಕರು ಅವಳನ್ನು ಹಿಂದಿನ ಕೋಣೆಗೆ ಕರೆದು ಮತ್ತೆ ಮತ್ತೆ ಅದನ್ನೇ ತೋರಿಸಿ, "ಯಾಕಮ್ಮ ನಗ್ತಿದ್ದೀಯ? ಪರಿಚಯದವ್ನಾ?" ಎಂದಿದ್ದರು. ಕಳ್ಳರು ಸಿಕ್ಕಿಬೀಳುವವರೆಗೆ ಪೊಲೀಸರದೂ ಅದೇ ಪ್ರಶ್ನೆ. ಯಾವಾಗ ತನ್ನನ್ನೇ ಎಳೆದೊಯ್ಯುತ್ತಾರೋ ಎಂದು ಜೀವ ಕೈಯಲ್ಲಿ ಹಿಡಿದು ಕೆಲಸಕ್ಕೆ ಹೋಗಿಬಂದಿದ್ದಳು. ಕಳ್ಳರು ಸಿಕ್ಕ ಮೇಲೆ ಯಾರೂ ಏನೂ ಕೇಳಲಿಲ್ಲ. ಕ್ಷಮಿಸು ಎಂದೂ ಅನ್ನಲಿಲ್ಲ.

"ನಮಗೂ ಹೇಳ್ಲಿಲ್ವಲ್ಲಮ್ಮ."

"ಇವಳು ನಕ್ಳಂತೆ, ಏನೋ ಇದೆ ಅಂತ ನೀವೂ ಅಂದ್ಕೊಂಡ್ರೆ?"

ಮಗಳು ಅಮ್ಮನ ತಣ್ಣಗಾದ ಕೈಯನ್ನು ಉಜ್ಜುತ್ತಲೇ ಇದ್ದಳು. ಬಳೆ ಅಕ್ಕ ಕೇಳಿದಳು, "ಸಿನಿಮಾದಲ್ಲಿ ಆ ಬಿದ್ದ ಹುಡುಗಿ ಆಮೇಲೆ ಏನಾದ್ಳು?"

ಮಗಳು ಟೀವಿಯ ಸದ್ದಡಗಿಸಿ ಸಿನಿಮಾವನ್ನು ಕೊನೆಯವರೆಗೂ ಓಡಿಸಿ ನೋಡಿದಳು. ಕಳ್ಳರು ಬಿಳಿ ಕಾರಿನಲ್ಲಿ ಪರಾರಿಯಾದರು. "ಮತ್ತೆ ತೋರ್ಸೇ ಇಲ್ಲಮ್ಮ."

ಮರುದಿನ ಅಂಗಡಿಗೆ ಹೋದ ಬಳೆ ಅಕ್ಕ ಚೀಲ ಕೆಳಗಿಡುವ ಮೊದಲೇ ಮಾಲೀಕರೆದುರು ನಿಂತಳು. "ಸಾರ್, ಊಟದ ಹೊತ್ತಲ್ಲಿ ಇನ್ನು ನಾನೊಬ್ಳೇ ಇರೋದಿಲ್ಲ."

"ಇಷ್ಟು ವರ್ಷ ಇದ್ದೆಯಲ್ಲಮ್ಮ?"

"ಹೆದರ್ಕೊಂಡೇ ಇದ್ದೆ. ಅವತ್ತು ನಕ್ಕಿದ್ದೂ ಹೆದರ್ಕೊಂಡೇ."

ಮಾಲೀಕರು ತಲೆಯೆತ್ತಿ ಅವಳ ಮುಖ ನೋಡಿದರು. ಅಂದಿನಿಂದ ಊಟದ ಹೊತ್ತಿಗೆ ಅಂಗಡಿಗೆ ಒಳಗಿನಿಂದ ಬೀಗ ಬೀಳತೊಡಗಿತು. ಬಳೆ ಅಕ್ಕ ಈಗ ಎಲ್ಲರ ಜೊತೆ ಕುಳಿತು ಉಣ್ಣುತ್ತಾಳೆ. ಬಾಗಿಲಿಗೆ ಬೆನ್ನು ಹಾಕಿ ಮಾತ್ರ ಕೂರುವುದಿಲ್ಲ.