ನಾನು ಅಳೆದ ಉಪಗ್ರಹದ ದಾರಿ

ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ದೋಣಿ ಹತ್ತಿದವನು ನಾನು. ಕಿರಿಮಂಜೇಶ್ವರದ ಕಡಲಿನಲ್ಲಿ ಮೀನು ಸೇರುವ ಬಂಡೆಗಳನ್ನು ದಡದ ಗುರುತು ನೋಡಿಯೇ ಹುಡುಕುತ್ತೇನೆ. ಇಂಥ ಮರ ಇಂಥ ಗುಡ್ಡದ ನೇರಕ್ಕೆ ಬಂತೋ, ಬಲೆ ಬಿಡುವುದು. ಈ ಕಣ್ಣನ್ನು ಯಾವ ಮೇಷ್ಟ್ರೂ ಕೊಟ್ಟದ್ದಲ್ಲ.

ತೆಕ್ಕಟ್ಟೆಯ ಭಾವ, ಅಕ್ಕನ ಗಂಡ, ವಿಜ್ಞಾನದ ಮೇಷ್ಟ್ರು. ಒಂದು ಸಂಜೆ ನಮ್ಮ ಅಂಗಳದಲ್ಲಿ ಕೂತು ಹೇಳಿದರು: "ಉಪಗ್ರಹ ಕಾಂಬೂಕೆ ರಾಡಾರ್, ಲೇಸರ್ ಎಲ್ಲ ಇತ್ತ್. ಆರೆ ಮೂರ್ ಕಡೆ ಸಮಾ ಕಂಡ್, ಟೈಮ್ ಬರ್ಕಂಡ್ರೂ ಸಾಕ್, ದಾರಿ ಲೆಕ್ಕ ಹಾಕ್ಲಕ್ಕ್."

"ಕಾಂಬೂದ್ ನನ್ ಕೆಲ್ಸ ಭಾವ."

"ಸರಿ ಬಂದ್ರೆ ನಮ್ ಶಾಲಿಗೆ ಕರ್ಕಂಡ್ ಹೋತೆ. ಮಕ್ಕಳ್ ಎದ್ರ್ ಕುರ್ಚಿ ಹಾಕಿ ಕೂರ್ಸ್ತೆ."

ನನಗೆ ಆ ಕುರ್ಚಿ ಬೇಕಿತ್ತು. ಶಾಲೆಯಲ್ಲಿ ನಾನು ಕೂತದ್ದಕ್ಕಿಂತ ಬೆಂಚಿನ ಮೇಲೆ ನಿಂತದ್ದೇ ಹೆಚ್ಚು.

ಮರುದಿನ ಮುಸ್ಸಂಜೆ ಬಾವಿಕಟ್ಟೆಯ ಪಕ್ಕ ನಿಂತೆ. ಭಾವ ಹೇಳಿದ್ದ ಹೊತ್ತಿಗೆ ಉಪಗ್ರಹ, ಅಂದರೆ ಬಾಹ್ಯಾಕಾಶ ನಿಲ್ದಾಣದ ಬೆಳಕು, ತೆಂಗಿನ ಸಾಲಿನಲ್ಲಿ ನಾನು ಗುರುತಿಟ್ಟ ಮೂರು ಮರಗಳ ನೆತ್ತಿ ದಾಟಿತು. ಹೆಂಡತಿ ಮೊಬೈಲ್ ನೋಡಿ ಸಮಯ ಬರೆದಳು. ಆದಿತ್ಯವಾರ ಭಾವ ಬಂದು, ನಾನು ತೋರಿಸಿದ ಮರಗಳ ದಿಕ್ಕು, ಎತ್ತರ ಅಳೆದು ಲ್ಯಾಪ್‌ಟಾಪಿಗೆ ಹಾಕಿದರು. ಮುಖ ಸಪ್ಪಗಾಯಿತು.

"ಎಂತ ಭಾವ?"

"ನಿನ್ ಉಪಗ್ರಹ ಹೆಮ್ಮಾಡಿ ಗದ್ದಿ ಅಡಿಯಂಗೆ ಹೋತಿತ್ತ್ ಮಾರಾಯ."

"ನಮ್ ಬಾವಿ ಕೊಡಪಾನಕ್ಕೆ ತಾಗ್ದಿರೆ ಸಾಕ್," ಎಂದಳು ಹೆಂಡತಿ.

ತಪ್ಪು ಎಲ್ಲಿ ಎಂದು ನನಗೆ ಆಗಲೇ ಗೊತ್ತಿತ್ತು. ನಮ್ಮವರು ಬಂಡೆಯ ಗುರುತನ್ನು ಒಡಹುಟ್ಟಿದವನಿಗೂ ಸರಿಯಾಗಿ ಹೇಳುವುದಿಲ್ಲ. ಕೊನೆಯ ಗುರುತಿಗೆ ಭಾವ "ಯಾವ ಮರ?" ಎಂದು ಕೇಳಿದ್ದೇ, ಸಾಲಿನ ಐದನೆಯ ತೆಂಗು ಎನ್ನಬೇಕಾದ ಬಾಯಿ ತಾನಾಗಿ ಮೂರನೆಯದು ಎಂದಿತ್ತು. ಆಕಾಶದ ಬೆಳಕಿಗೆ ಯಾರೂ ಬಲೆ ಬಿಡುವುದಿಲ್ಲ ಎಂಬುದು ಬಾಯಿಗೆ ಹೊಳೆಯಲಿಲ್ಲ.

ಸುಮ್ಮನಿದ್ದರೆ ನನ್ನ ಕಣ್ಣು ಕೆಟ್ಟದ್ದು ಎಂದಾಗುತ್ತದೆ. ಹೇಳಿದರೆ ನಾನು ಸುಳ್ಳ. ಕಣ್ಣಿನ ಮರ್ಯಾದೆ ಉಳಿಯಲಿ ಎಂದು ಹೇಳಿಬಿಟ್ಟೆ.

ಭಾವ ಐದನೆಯ ಮರ ಅಳೆದು ಮತ್ತೆ ಲೆಕ್ಕ ಹಾಕಿದರು. ಉಪಗ್ರಹ ಗದ್ದೆಯಡಿಯಿಂದ ಎದ್ದು ಆಕಾಶ ಸೇರಿತು. ಆ ಲೆಕ್ಕದ ಪ್ರಕಾರ ಅದೇ ಸಂಜೆ ಮತ್ತೆ ಬರಬೇಕಿತ್ತು. ಬಂತು, ಒಂದು ನಿಮಿಷ ತಡವಾಗಿ.

"ಕುರ್ಚಿ ನಿಂದೇ," ಎಂದರು ಭಾವ. ಬೆಳಕು ಮರೆಯಾಗುವ ತನಕ ಮೇಲೆ ನೋಡಿ, ಆಮೇಲೆ ನನ್ನ ಕಡೆ ತಿರುಗಿದರು.

"ಅಲ್ಲ ಮಾರಾಯ, ಆರ್ ತಿಂಗ್ಳಿಂದ ನಾನ್ ಗಾಳ ಹಾಕ್ತಿಪ್ಪು ಜಾಗ ಹೇಳದ್ದೂ ನೀನೇ ಅಲ್ದಾ?"

ನಾನು ಹೆಂಡತಿಗೆ ಚಾ ಇಡಲು ಹೇಳಿದೆ.