ಕೆರೆ ದಾರಿಯ ಕೊಡಗಳು

ಮೊಮ್ಮಕ್ಕಳೇ, ನಾನು ನಿಮ್ಮಷ್ಟೇ ಚಿಕ್ಕವಳಿದ್ದಾಗ, ಕುಂದಗೋಳದ ಕಡೆಯ ನಮ್ಮೂರಿನಲ್ಲಿ ಕುಡಿಯುವುದಕ್ಕೆ ಕೆರೆಯ ನೀರೊಂದೇ ಇತ್ತು. ಅದಕ್ಕೊಂದು ಕಟ್ಟಳೆ. ಬೆಳಿಗ್ಗೆ ಮೊದಲು ಸಾಹುಕಾರರ ನೀರಿನ ಬಂಡಿ ಇಳಿಯಬೇಕು, ಆಮೇಲೆ ಉಳಿದವರ ಕೊಡ. ಬೇಸಿಗೆಯಲ್ಲಿ ನೀರು ತಳ ಹಿಡಿದಿರುತ್ತಿತ್ತು. ಎತ್ತು, ಗಾಲಿ ಇಳಿದರೆ ಎರೆಮಣ್ಣು ಕದಡಿ ನೀರೆಲ್ಲ ಕಪ್ಪು. ಅದನ್ನೇ ಸೆರಗಿನಲ್ಲಿ ಸೋಸಿ ಕುಡಿಯುತ್ತಿದ್ದೆವು.

ಆ ವರ್ಷ ಅಕ್ಕ ಬಾಣಂತಿ. ಕೆಸರು ನೀರಿಗೆ ಹೊಟ್ಟೆ ಕೆಟ್ಟು, ಕೂಸಿಗೆ ಹಾಲೇ ಇಲ್ಲದಂತಾಗಿತ್ತು. ಒಂದು ದಿನ ಹೆಂಗಸರೆಲ್ಲ ಬಂಡಿಗಾಗಿ ಕಾಯುತ್ತಿದ್ದಾಗ ಅವ್ವ ಒಬ್ಬಳೇ ಕೆಳಗಿಳಿದು ಒಂದು ಕೊಡ ತಿಳಿನೀರು ತುಂಬಿಕೊಂಡಳು. ದಂಡೆ ಹತ್ತುವಷ್ಟರಲ್ಲಿ ಬಂಡಿ ಬಂತು. ಬಾಣಂತಿಗೆ ಎಂದು ಅವ್ವ ಹೇಳುತ್ತಿದ್ದಂತೆಯೇ ಸಾಹುಕಾರರ ಮಗ ಕೊಡ ಬಗ್ಗಿಸಿ ನೀರನ್ನು ಚೆಲ್ಲಿಬಿಟ್ಟ. ಒಣ ಮಣ್ಣು ಅದನ್ನು ಗಟಗಟನೆ ಕುಡಿಯಿತು. ಆ ವಾಸನೆ ಇಂದಿಗೂ ನನ್ನ ಮೂಗಿನಲ್ಲಿದೆ.

ಅವ್ವ ಅಳಲಿಲ್ಲ. ಖಾಲಿ ಕೊಡವನ್ನು ಬಂಡಿಯ ದಾರಿಯಲ್ಲಿಟ್ಟು ಪಕ್ಕಕ್ಕೆ ನಿಂತಳು. ತವರಿನ ಹಿತ್ತಾಳೆ ಕೊಡ, ಮನೆಯಲ್ಲಿದ್ದದ್ದು ಅದೊಂದೇ. ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ತಮ್ಮ ಕೊಡ ತಂದು ಅದರ ಸಾಲಿಗೆ ಇಟ್ಟರು.

“ಮ್ಯಾಲ ಹಾಯಿಸಿ ಹೊಡಿಲೇ,” ಎಂದ ಸಾಹುಕಾರರ ಮಗ.

ಬಂಡಿ ಹೊಡೆಯುತ್ತಿದ್ದವರು ನಮ್ಮ ಬಾಜು ಮನೆಯ ಕಾಕಾ. ಕೊಡಗಳ ಸಾಲು ನೋಡಿ ಬಂಡಿಯಿಂದ ಕೆಳಗಿಳಿದರು. “ಹೆಂಗ ಹೊಡೀಲ್ರಿ ಧಣಿ? ಆ ಮೂರನೇದು ನಮ್ಮ ಮನೀ ಕೊಡ ಐತ್ರಿ.”

“ಅಂತೂ ಇವತ್ತಾದ್ರೂ ಮನೀ ಕೊಡದ ಗುರ್ತ ಸಿಕ್ತು ನೋಡ್ರವಾ,” ಎಂದರು ಕಾಕು, ಅವರ ಹೆಂಡತಿ. ಹೆಂಗಸರೆಲ್ಲ ನಕ್ಕರು.

ಸಾಹುಕಾರರ ಮಗನಿಗೆ ಬಂಡಿ ಹೊಡೆಯಲು ಬರುತ್ತಿರಲಿಲ್ಲ. ಆ ದಿನ ಕೊಡಗಳೇ ಮೊದಲು ತುಂಬಿದವು. ಮರುದಿನವೂ, ಅದರಾಚೆಯೂ. ಕಾಕಾನ ಕೆಲಸ ಹೋಯಿತು. ಸುಗ್ಗಿಯವರೆಗೆ ಓಣಿಯವರೇ ಅವರ ಮನೆಗೆ ಜೋಳ ಮುಟ್ಟಿಸಿದರು. ಅಕ್ಕ ಚೇತರಿಸಿಕೊಂಡಳು. ಹಬ್ಬಕ್ಕೆ ಬಂದು ನಿಮ್ಮನ್ನು ನಗಿಸುವ ದೊಡ್ಡಪ್ಪನೇ ಆ ಕೂಸು.

ಮೊನ್ನೆ ನೀವು ಕ್ರಾಂತಿಯ ಪಾಠ ಬಾಯಿಪಾಠ ಮಾಡುತ್ತಿದ್ದಿರಿ, ರಾಜರು ಯಾಕೆ ಬಿದ್ದರು, ಹೇಗೆ ಬಿದ್ದರು ಎಂದು. ದೊಡ್ಡ ರಾಜ್ಯಗಳ ಸಂಗತಿ ನನಗೆ ತಿಳಿಯದು. ನಮ್ಮೂರ ಜನ ಕೆಸರು ನೀರನ್ನು ಎಷ್ಟೋ ವರ್ಷ ತಡೆದುಕೊಂಡರು, ಚೆಲ್ಲಿದ ಒಂದು ಕೊಡವನ್ನು ತಡೆದುಕೊಳ್ಳಲಿಲ್ಲ. ಹೊಡಿ ಎಂದಾಗ ಕಾಕಾ ಹೊಡೆಯಲಿಲ್ಲ. ನಾನು ಕಂಡದ್ದು ಇಷ್ಟೇ.

ಈಗ ಅಡುಗೆಮನೆಯಲ್ಲೇ ನಳ. ನೀವು ತಿರುವಿ, ಕುಡಿದು, ಆಟಕ್ಕೆ ಓಡುತ್ತೀರಿ. ಓಡಿರಿ, ಅದೇ ಚೆಂದ. ನಾನು ಮಾತ್ರ ಬೆಳಗಿನ ಮೊದಲ ಕೊಡ ತುಂಬಿದ ಮೇಲೆ ಶಿವನಿಗೊಮ್ಮೆ, ಕಾಕಾನಿಗೊಮ್ಮೆ ಕೈಮುಗಿಯುತ್ತೇನೆ. ಅವ್ವನ ಅದೇ ಹಿತ್ತಾಳೆ ಕೊಡ. ಒಂದು ನೆಗ್ಗೂ ಇಲ್ಲ.